ಎಡ ಟೈರ್ ಸವೆದರೆ ಬಲಗಡೆಯ ಬುಷ್ ನೋಡಿ

ಪ್ರಶ್ನೆ: ನಾನು ಹಾಸನದ ಕಡೆಯವನು. ಹದಿನೈದು ವರ್ಷದಿಂದ ಕ್ಯಾಲಿಫೋರ್ನಿಯಾದ ಫ್ರೆಸ್ನೋ ಹತ್ತಿರ ಇದ್ದೇನೆ. ಎರಡು ವರ್ಷದ ಹಿಂದೆ ಪಕ್ಕದ ತೋಟದ ಯಜಮಾನರು ತಮ್ಮ 1972ರ ಫೋರ್ಡ್ ಎಫ್-100 ಪಿಕಪ್ಪನ್ನು ನನಗೆ ಮಾರಿದರು. ಟೂ ವೀಲ್ ಡ್ರೈವ್, ಆರು ಸಿಲಿಂಡರಿನ 300 ಎಂಜಿನ್. ಎಂಜಿನ್ ಗುಂಡುಕಲ್ಲಿನ ಹಾಗಿದೆ. ತೊಂದರೆ ಇರುವುದು ಮುಂದಿನ ಚಕ್ರಗಳ ಕಡೆ. ವೇಗ ಗಂಟೆಗೆ 50 ಮೈಲಿ ದಾಟಿದರೆ ಗಾಡಿ ರಸ್ತೆ ತುಂಬ ಅಲೆಯುತ್ತದೆ, ಸ್ಟೀರಿಂಗ್ ತಿದ್ದುತ್ತಲೇ ಇರಬೇಕು. ಬ್ರೇಕ್ ಒತ್ತಿದರೆ ಕಾಲಡಿಯಲ್ಲಿ 'ಠಕ್' ಅನ್ನುತ್ತದೆ. ಎಡ ಮುಂದಿನ ಟೈರ್ ಒಳಗಡೆ ಅಂಚಿನಲ್ಲಿ ಬೋಳಾಗಿದೆ. ಒಂದೇ ವರ್ಷದಲ್ಲಿ ಎರಡು ಸಲ ಅಲೈನ್‌ಮೆಂಟ್ (ಚಕ್ರಗಳ ಕೋನ ತಿದ್ದುವುದು) ಮಾಡಿಸಿದೆ. 'ಈ ಗಾಡಿಗಳೇ ಹೀಗೆ, ಟೈರ್ ತಿನ್ನುತ್ತವೆ' ಅಂದರು. ಒಬ್ಬ ಸ್ನೇಹಿತ ಎಲ್ಲ ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್ ತುಂಡು) ತೆಗೆದು ಪಾಲಿಯುರಿಥೇನ್ (ಗಟ್ಟಿ ಪ್ಲಾಸ್ಟಿಕ್) ಹಾಕು ಅನ್ನುತ್ತಾನೆ. ಇನ್ನೊಬ್ಬರು ಇಡೀ ಮುಂಭಾಗ ಕತ್ತರಿಸಿ ಕ್ರೌನ್ ವಿಕ್ಟೋರಿಯಾ ಕಾರಿನ ಸಸ್ಪೆನ್ಷನ್ ಕೂರಿಸಿ ಅನ್ನುತ್ತಾರೆ. ಊರಿನಲ್ಲಿ ನಮ್ಮ ಮಾವ, 'ಜೀಪಿಗೆ ಹಳೇ ಟೈರ್ ಕತ್ತರಿಸಿ ಬುಷ್ ಮಾಡ್ತಿದ್ವಲ್ಲೋ' ಅಂತ ನಗುತ್ತಾರೆ. ಬದಲಾಯಿಸಬೇಕಾದ್ದು ಯಾವ ಬುಷ್? ಮನೆಯಲ್ಲೇ ಮಾಡಬಹುದಾ? ಅಲ್ಲಿಯವರೆಗೆ ಮಕ್ಕಳನ್ನು ಕೂರಿಸಿಕೊಂಡು ಓಡಿಸಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇನೆ. ಬೇಡ. ಅಲೆಯುವುದು ಒಂದೇ ಆಗಿದ್ದರೆ ನಿಧಾನಕ್ಕೆ ಹೋಗಿ ಬನ್ನಿ ಅನ್ನುತ್ತಿದ್ದೆ. ಆದರೆ ಬ್ರೇಕ್ ಒತ್ತಿದಾಗ 'ಠಕ್' ಅನ್ನುತ್ತಿದೆ ಅಂದರೆ ಚಕ್ರವನ್ನು ಹಿಂದೆ ಮುಂದೆ ಹೋಗದಂತೆ ಹಿಡಿಯಬೇಕಾದ ಭಾಗವೇ ಜಾಗ ಬಿಟ್ಟು ಕದಲುತ್ತಿದೆ. ನೋಡಿ ಖಚಿತ ಮಾಡಿಕೊಳ್ಳುವವರೆಗೆ ಫ್ರೀವೇ ಹತ್ತಬೇಡಿ.

ಈಗ 'ಈ ಗಾಡಿಗಳೇ ಹೀಗೆ' ಅನ್ನುವ ಮಾತು. ನಾನು ಬೆಂಗಳೂರಿನ ಗ್ಯಾರೇಜಿನಲ್ಲಿ ಹತ್ತು ವರ್ಷ, ಇಲ್ಲಿ ಬಂದ ಮೇಲೆ ಇಪ್ಪತ್ತು ವರ್ಷ ಗಾಡಿಗಳ ಕೆಳಗೆ ಮಲಗಿದವನು. ಈ ಮಾತನ್ನು ಹೇಳುವವರಲ್ಲಿ ಹೆಚ್ಚಿನವರು ಗಾಡಿಯ ಕೆಳಗೆ ಮಲಗಿ ನೋಡಿರುವುದಿಲ್ಲ. ಫೋರ್ಡ್‌ನವರು 1965ರಲ್ಲಿ ಈ ಸಸ್ಪೆನ್ಷನ್ ತಂದರು, 'ಟ್ವಿನ್ ಐ-ಬೀಮ್' ಅಂತ ಹೆಸರಿಟ್ಟರು. ಎಫ್-150 ಗಾಡಿಯಲ್ಲಿ ಅದು 1996ರ ಮಾಡೆಲ್‌ವರೆಗೂ ಇತ್ತು. ಭಾರದ ಗಾಡಿಗಳಲ್ಲಿ ಅದಕ್ಕಿಂತ ಎಷ್ಟೋ ವರ್ಷ ಜಾಸ್ತಿ ನಡೆಯಿತು. ಸುಮ್ನೆ ಟೈರ್ ತಿನ್ನುವ ವಸ್ತುವನ್ನು ಯಾರೂ ಅಷ್ಟು ಕಾಲ ಮಾರುವುದಿಲ್ಲ. ಇದಕ್ಕೆ ತನ್ನದೇ ಕೆಲವು ಹಟಗಳಿವೆ, ಅದು ನಿಜ. ಆದರೆ ನಿಮ್ಮ ಗಾಡಿಗೆ ಐವತ್ತು ದಾಟಿದೆ. ಅದರ ರಬ್ಬರಿಗೆ ಎಷ್ಟು ವಯಸ್ಸೋ ಯಾರಿಗೆ ಗೊತ್ತು!

ಇದು ಹೇಗೆ ಕೆಲಸ ಮಾಡುತ್ತದೆ ಅಂತ ಒಂದು ಸಲ ತಲೆಗೆ ಹೋದರೆ ಅರ್ಧ ರೋಗ ನೀವೇ ಹಿಡಿಯಬಹುದು. ಗಣಪತಿ ಮುಂದೆ ಬಸ್ಕಿ ಹೊಡೆಯುವಾಗ ಎಡಗೈಯಲ್ಲಿ ಬಲಗಿವಿ, ಬಲಗೈಯಲ್ಲಿ ಎಡಗಿವಿ ಹಿಡಿಯುತ್ತೇವಲ್ಲ, ಹಾಗೇ ಇದು. ಮುಂದೆ ಒಂದು ಆಕ್ಸಲ್ ಬದಲು ಎರಡು ಉಕ್ಕಿನ ತೊಲೆಗಳಿವೆ. ಎಡ ಚಕ್ರದ ತೊಲೆ ಎಂಜಿನ್ ಕೆಳಗೆ ಹಾದು ಚಾಸಿಯ ಬಲಗಡೆ ಹೋಗಿ ತೂಗುಬಿದ್ದಿದೆ. ಬಲ ಚಕ್ರದ್ದು ಎಡಗಡೆ. ತೂಗುಬಿದ್ದ ಜಾಗದಲ್ಲಿ ಒಂದು ಬೋಲ್ಟ್, ಅದರ ಸುತ್ತ ಒಂದು ರಬ್ಬರ್ ಬುಷ್. ಹೊರಗೊಂದು ಉಕ್ಕಿನ ಕೊಳವೆ, ಒಳಗೊಂದು ಉಕ್ಕಿನ ಕೊಳವೆ, ನಡುವೆ ಎರಡಕ್ಕೂ ಅಂಟಿದ ರಬ್ಬರ್. ನಮ್ಮ ಗ್ಯಾರೇಜ್ ಭಾಷೆಯಲ್ಲಿ 'ಸೈಲೆಂಟ್ ಬುಷ್'. ಇದು ಪಿವೋಟ್ ಬುಷ್.

ತೊಲೆ ಹಿಂದೆ ಮುಂದೆ ಓಡಾಡದಿರಲು ಪ್ರತಿ ಚಕ್ರದ ಹತ್ತಿರದಿಂದ ಒಂದು ಉದ್ದನೆಯ ತೋಳು ಹಿಂದಕ್ಕೆ ಹೋಗಿದೆ. ಅದೇ ರೇಡಿಯಸ್ ಆರ್ಮ್. ಅದರ ತುದಿ ಚಾಸಿಗೆ ಕೂತ ಬ್ರಾಕೆಟ್ಟಿನ ತೂತಿನಲ್ಲಿ ತೂರಿಕೊಂಡು ಹೊರಬರುತ್ತದೆ. ಬ್ರಾಕೆಟ್ಟಿನ ಮುಂದೊಂದು, ಹಿಂದೊಂದು ಉದ್ದಿನವಡೆಯಂಥ ರಬ್ಬರ್. ಕೊನೆಗೆ ವಾಷರ್ ಮತ್ತು ನಟ್. ಎರಡು ಕಡೆಯದೂ ಸೇರಿ ನಾಲ್ಕು ವಡೆ, ಎರಡು ಪಿವೋಟ್ ಬುಷ್. ನಿಮ್ಮ ತೊಂದರೆಯ ಬಹುಪಾಲು ಈ ಆರು ರಬ್ಬರ್ ತುಂಡುಗಳಲ್ಲೇ ಇದೆ ಅಂತ ನನ್ನ ಅಂದಾಜು.

ಎಡ ಟೈರಿನ ಒಳ ಅಂಚು ಸವೆದಿದೆ ಅಂದಿರಿ. ಹೆಚ್ಚಿನವರು ಎಡಗಡೆ ಬಗ್ಗಿ ನೋಡುತ್ತಾರೆ, ಏನೂ ಕಾಣುವುದಿಲ್ಲ. ಎಡ ತೊಲೆಯ ಬುಷ್ ಇರುವುದು ಬಲಗಡೆ! ಗಾಡಿಯ ಭಾರ ಸ್ಪ್ರಿಂಗ್ ಮೂಲಕ ತೊಲೆಯನ್ನು ಕೆಳಗೆ ಒತ್ತುತ್ತದೆ, ನೆಲ ಚಕ್ರವನ್ನು ಮೇಲಕ್ಕೆ ಒತ್ತುತ್ತದೆ. ಇವೆರಡರ ನಡುವೆ ಪಿವೋಟ್ ತುದಿ ಕೆಳಕ್ಕೆ ಜಗ್ಗುತ್ತದೆ. ರಬ್ಬರ್ ಗಟ್ಟಿಯಿದ್ದರೆ ತಡೆಯುತ್ತದೆ. ಸತ್ತಿದ್ದರೆ ತುದಿ ಇಳಿದು ಚಕ್ರದ ತಲೆ ಒಳಕ್ಕೆ ವಾಲುತ್ತದೆ. ಟೈರಿನ ಒಳ ಅಂಚು ಮಾತ್ರ ನೆಲ ಕಚ್ಚಿ ಓಡುತ್ತದೆ. ಹೋದ ವರ್ಷ ಇಂಥದ್ದೇ ಗಾಡಿಯಿಂದ ಒಂದು ಬುಷ್ ಹೊರಗೆ ಒತ್ತಿದೆ. ಒಳಗಿನ ಕೊಳವೆ ನಡುಮಧ್ಯದಲ್ಲಿ ಇರಬೇಕಿತ್ತಲ್ವಾ, ಪೂರ್ತಿ ಒಂದು ಮಗ್ಗುಲಿಗೆ ಸರಿದು ಹೊರ ಕೊಳವೆಗೆ ತಾಗಿತ್ತು. ಇನ್ನೊಂದು ಮಗ್ಗುಲಲ್ಲಿ ಕಿರುಬೆರಳು ತೂರುವಷ್ಟು ಸಂದು. ಉಳಿದ ರಬ್ಬರನ್ನು ಉಗುರಿನಿಂದ ಕೆರೆದರೆ ಇದ್ದಿಲಪುಡಿಯ ಹಾಗೆ ಉದುರುತ್ತಿತ್ತು. ಆ ಗಾಡಿಗೂ ಯಾರೋ ಮೂರು ಸಲ ಅಲೈನ್‌ಮೆಂಟ್ ಮಾಡಿದ್ದರು.

ಇದೇ ಗುರುತನ್ನು ಇನ್ನೊಂದು ಕಾಯಿಲೆಯೂ ತೋರಿಸುತ್ತದೆ. ಸ್ಪ್ರಿಂಗ್ ಕುಗ್ಗಿ ಮೂತಿ ಇಳಿದಿದ್ದರೂ ಚಕ್ರ ಹೀಗೇ ಒಳಗೆ ವಾಲುತ್ತದೆ. ಹಾಗಾದಾಗ ಸಾಮಾನ್ಯವಾಗಿ ಎರಡೂ ಟೈರ್ ಸವೆಯುತ್ತವೆ. ನಿಮ್ಮದು ಒಂದೇ ಕಡೆ, ಹಾಗಾಗಿ ಬುಷ್ ಮೇಲೇ ನನಗೆ ಅನುಮಾನ ಜಾಸ್ತಿ. ಆದರೂ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ ಎರಡೂ ಕಡೆಯ ಎತ್ತರ ಟೇಪ್ ಹಿಡಿದು ಅಳೆಯಿರಿ.

ಇನ್ನು 'ಠಕ್'. ಬ್ರೇಕ್ ಹಿಡಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ತಳ್ಳುತ್ತದೆ. ರೇಡಿಯಸ್ ಆರ್ಮ್ ಹಿಂದಕ್ಕೆ ಸರಿದು ಬ್ರಾಕೆಟ್ಟಿನ ಮುಂದಿರುವ ವಡೆಯನ್ನು ಒತ್ತುತ್ತದೆ. ವಡೆ ಕರಗಿಹೋಗಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಅದೇ ಹೊತ್ತಿಗೆ ಬ್ರೇಕಿನ ತಿರುಚು ತೋಳಿನ ತುದಿಯನ್ನು ಮೇಲಕ್ಕೆತ್ತುತ್ತದೆ, ಕ್ಯಾಸ್ಟರ್ ಕಡಿಮೆಯಾಗುತ್ತದೆ. ಕ್ಯಾಸ್ಟರ್ ಅಂದರೆ ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿ ಇರುತ್ತದಲ್ಲ, ಆ ಓರೆ. ಹ್ಯಾಂಡಲ್ ಬಿಟ್ಟರೂ ಸೈಕಲ್ ನೇರ ಹೋಗಲು ಅದೂ ಒಂದು ಕಾರಣ. ಅದು ಕಡಿಮೆಯಾದರೆ ಸ್ಟೀರಿಂಗ್‌ಗೆ ನೇರಕ್ಕೆ ಬರುವ ಆಸೆಯೇ ಇರುವುದಿಲ್ಲ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಸವೆದಿದ್ದರೆ ಬ್ರೇಕ್ ಹಿಡಿದಾಗ ಗಾಡಿ ಪಕ್ಕಕ್ಕೂ ಎಳೆಯುತ್ತದೆ. 'ಠಕ್' ಇಲ್ಲದೆ ಬರೀ ಎಳೆಯುತ್ತಿದ್ದರೆ ಮಾತ್ರ ಮೊದಲು ಬ್ರೇಕ್ ಡ್ರಮ್ ಬಿಚ್ಚಿ ನೋಡಿ. ವೀಲ್ ಸಿಲಿಂಡರ್ ಸೋರಿ ಲೈನರ್ ನೆನೆದಿರಬಹುದು.

ಒಂದು ಡಾಲರ್ ಖರ್ಚು ಮಾಡುವ ಮೊದಲು ನೀವೇ ಮಾಡಬಹುದಾದ ಪರೀಕ್ಷೆಗಳಿವೆ. ಸಮತಟ್ಟು ಜಾಗದಲ್ಲಿ ಮನೆಯವರನ್ನು ಸ್ಟೀರಿಂಗ್ ಮುಂದೆ ಕೂರಿಸಿ. ಅವರು ಗಾಡಿಯನ್ನು ಒಂದಡಿ ಮುಂದೆ, ಒಂದಡಿ ಹಿಂದೆ ಬಿಟ್ಟು ಬ್ರೇಕ್ ಒತ್ತಲಿ. ನೀವು ಪಕ್ಕದಲ್ಲಿ, ಚಕ್ರದ ದಾರಿಯಿಂದ ದೂರ ಕೂತು ಟಾರ್ಚ್ ಬಿಟ್ಟು ಬ್ರಾಕೆಟ್ ನೋಡಿ. ಕೆಳಗೆ ತಲೆ ಹಾಕಬೇಡಿ. ಒಳ್ಳೆಯ ಬುಷ್ ಇದ್ದರೆ ತೋಳು ಮಿಸುಕಿದ್ದು ಕಂಡೂ ಕಾಣದ ಹಾಗಿರುತ್ತದೆ. ಸತ್ತಿದ್ದರೆ ನಟ್ ಹಿಂದಕ್ಕೆ ಮುಂದಕ್ಕೆ ಜಿಗಿಯುವುದೇ ಕಾಣುತ್ತದೆ. ಪಿವೋಟ್ ಬುಷ್‌ಗಾದರೆ ಎಂಜಿನ್ ಆರಿಸಿ, ಚಕ್ರಕ್ಕೆ ಅಡ್ಡ ಕೊಟ್ಟು, ತೊಲೆಯ ತುದಿಗೂ ಬ್ರಾಕೆಟ್ಟಿಗೂ ನಡುವೆ ಉದ್ದ ಸಬ್ಬಲಿಟ್ಟು ಮೆಲ್ಲಗೆ ಮೀಟಿ. ಆಟ (ಸಡಿಲ ಅಲ್ಲಾಟ) ಎಷ್ಟಿದೆ ಅಂತ ಕೈಗೇ ಗೊತ್ತಾಗುತ್ತದೆ.

ಕಿಂಗ್ ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಕೀಲಿನ ಮೊಳೆ) ನೋಡದೆ ಬುಷ್ ತರಬೇಡಿ. ನಿಮ್ಮ ವರ್ಷದ ಗಾಡಿಯಲ್ಲಿ ಬಾಲ್ ಜಾಯಿಂಟ್ ಇಲ್ಲ, ಕಿಂಗ್ ಪಿನ್ನೇ. ಸ್ಪ್ರಿಂಗ್ ಹತ್ತಿರ ತೊಲೆಯ ಕೆಳಗೆ ಜ್ಯಾಕ್ ಕೊಟ್ಟು ಚಕ್ರ ಎತ್ತಿ, ಸ್ಟ್ಯಾಂಡ್ ಇಟ್ಟು, ಟೈರಿನ ತಲೆ ಮತ್ತು ಬುಡ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಬ್ರೇಕ್ ಒತ್ತಿಸಿಕೊಂಡು ಮತ್ತೆ ಅಲ್ಲಾಡಿಸಿ. ಆಟ ನಿಂತುಹೋದರೆ ಅದು ವೀಲ್ ಬೇರಿಂಗ್. ನಿಲ್ಲದಿದ್ದರೆ ಕಿಂಗ್ ಪಿನ್. ನಮ್ಮ ಉಸ್ತಾದರು ಬೆಂಗಳೂರಿನಲ್ಲಿ ಕಲಿಸಿದ್ದು ಇದು, ಇಲ್ಲಿಯೂ ಅಷ್ಟೇ ಸರಿ. ಸ್ಟೀರಿಂಗ್ ಲಿಂಕ್‌ಗಳ ತುದಿಗಳನ್ನೂ ಕೈಯಲ್ಲಿ ಹಿಡಿದು ನೋಡಿ. ಒಂದು ಮಾತು: ಅಲೆಯುತ್ತದೆ ಅಂತ ಸ್ಟೀರಿಂಗ್ ಬಾಕ್ಸ್ ಮೇಲಿನ ಸ್ಕ್ರೂ ತಿರುಗಿಸಬೇಡಿ. ಬುಷ್‌ನ ರೋಗಕ್ಕೆ ಅಲ್ಲಿ ಬಿಗಿ ಮಾಡಿ ಒಳ್ಳೆಯ ಬಾಕ್ಸ್ ಕೆಡಿಸಿಕೊಂಡವರು ತುಂಬ ಜನ.

ಇನ್ನು ನಿಮಗೆ ಬಂದ ಸಲಹೆಗಳು. ಮಾವನವರ ಟೈರ್ ಬುಷ್ ಬಗ್ಗೆ ನನಗೂ ಪ್ರೀತಿ ಇದೆ, ಸುಳ್ಳು ಹೇಳುವುದಿಲ್ಲ. ಕಮಾನು ಪಟ್ಟಿಯ ಜೀಪನ್ನು ತೋಟದಿಂದ ಟಾರ್ ರಸ್ತೆಗೆ ತಲುಪಿಸಲು ನಾನೂ ಹಾಗೆ ಮಾಡಿದ್ದೇನೆ. ಆದರೆ ಅಲ್ಲಿ ಚಕ್ರವನ್ನು ಹಿಡಿದಿಟ್ಟಿದ್ದು ಕಮಾನು ಪಟ್ಟಿಗಳು. ಇಲ್ಲಿ ಬ್ರೇಕಿನ ಇಡೀ ಹೊಡೆತ ಬರುವುದು ಈ ವಡೆಯ ಮೇಲೇ. ಟೈರಿನ ತುಂಡು ಒಳಗಿನ ನೂಲಿನ ಸಮೇತ ಅಗಿದುಹೋಗುತ್ತದೆ. ಮಂಡಿ ಊರಿ ಕೂರಲು ಮಾತ್ರ ಅದು ಬಹಳ ಒಳ್ಳೆಯದು. ಎಣ್ಣೆ ಸಿಂಪಡಿಸಿ ಶಬ್ದ ನಿಲ್ಲಿಸುವುದೂ ಬೇಡ. ಪೆಟ್ರೋಲಿಯಂ ಎಣ್ಣೆ ಬಿದ್ದರೆ ರಬ್ಬರ್ ಊದಿ ಮೆತ್ತಗಾಗುತ್ತದೆ. ಎಂಜಿನ್ ಆಯಿಲ್ ಸೋರಿ ಬುಷ್ ಮೇಲೆ ತೊಟ್ಟಿಕ್ಕುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಿ.

ಕ್ರೌನ್ ವಿಕ್ಟೋರಿಯಾ ವಿಚಾರ ಸುಳ್ಳಲ್ಲ. 2003ರಿಂದ ಬಂದ ಆ ಕಾರಿನ ಮುಂಭಾಗವನ್ನು ಹಳೆಯ ಎಫ್-100ಕ್ಕೆ ಕೂರಿಸುವವರು ಇಲ್ಲಿ ಬಹಳ ಇದ್ದಾರೆ. ಡಿಸ್ಕ್ ಬ್ರೇಕ್, ರ‍್ಯಾಕ್ ಸ್ಟೀರಿಂಗ್ ಎಲ್ಲ ಒಟ್ಟಿಗೆ ಬರುತ್ತದೆ, ಓಡಿಸಲು ಹಾಯಾಗಿರುತ್ತದೆ. ಆದರೆ ಅದಕ್ಕೆ ಚಾಸಿ ಕೊಯ್ಯಬೇಕು, ಎಂಜಿನ್ ಮೌಂಟ್, ಬ್ರೇಕ್ ಪೈಪು, ಸ್ಟೀರಿಂಗ್ ಎಲ್ಲ ಹೊಸದಾಗಿ ಹೊಂದಿಸಬೇಕು. ಕೈ ಪಳಗದವರು ಮಾಡಿದ ಎರಡು ಗಾಡಿಗಳು ನನ್ನ ಹತ್ತಿರ ಬಂದಿದ್ದವು. ಎರಡರಲ್ಲೂ ವೆಲ್ಡಿಂಗ್ ನೋಡಿ ನನಗೆ ಓಡಿಸಲು ಧೈರ್ಯ ಬರಲಿಲ್ಲ. ಹಲ್ಲು ಹುಳುಕಾದರೆ ದವಡೆ ಬದಲಾಯಿಸುತ್ತಾರಾ? ನಿಮಗೆ ಬೇರೆಯದೇ ಗಾಡಿ ಬೇಕಿದ್ದರೆ ಮಾಡಿ. ಇದೇ ಗಾಡಿ ಸರಿಯಾಗಬೇಕಿದ್ದರೆ ಬೇಕಿಲ್ಲ.

ರಬ್ಬರಾ, ಪಾಲಿಯಾ ಅನ್ನುವುದು ಮಾತ್ರ ನಿಂತು ಯೋಚಿಸಬೇಕಾದ ಪ್ರಶ್ನೆ. ಪಾಲಿಯುರಿಥೇನ್ ಗಟ್ಟಿ, ಎಣ್ಣೆಗೆ ಬೇಗ ಹೆದರುವುದಿಲ್ಲ, ಹಾಕುವುದೂ ಸುಲಭ. ಸ್ಟೀರಿಂಗ್ ಚುರುಕಾಗುತ್ತದೆ. ಗ್ರೀಸ್ ಒಣಗಿದರೆ ಹಳೆಯ ಮಂಚದ ಹಾಗೆ ಕಿರುಗುಟ್ಟುತ್ತದೆ, ರಸ್ತೆಯ ಕಟಕಟ ಕೈಗೆ ಬರುತ್ತದೆ. ಇದಿಷ್ಟೇ ಆದರೆ ನಿಮ್ಮ ಇಷ್ಟ ಅನ್ನುತ್ತಿದ್ದೆ. ನನಗೆ ಭಯ ಇರುವುದು ರೇಡಿಯಸ್ ಆರ್ಮ್ ವಿಷಯದಲ್ಲಿ. ಚಕ್ರ ಏರಿ ಇಳಿಯುವಾಗ ಆ ತೋಳು ಬ್ರಾಕೆಟ್ಟಿನಲ್ಲಿ ನೆಟ್ಟಗೆ ನಿಂತಿರುವುದಿಲ್ಲ. ಮೇಲೆ ಕೆಳಗೆ ಓಲುತ್ತದೆ, ಜೊತೆಗೆ ಸ್ವಲ್ಪ ತಿರುಚುತ್ತದೆ. ರಬ್ಬರ್ ಆ ಓಲಾಟವನ್ನು ನುಂಗಿಕೊಳ್ಳುತ್ತದೆ. ಎರಡೂ ಬದಿ ಗಟ್ಟಿ ಪಾಲಿ ಹಾಕಿ ಬಿಗಿದರೆ ಓಲಲು ಜಾಗ ಇಲ್ಲ, ಆ ಒತ್ತಡ ತೋಳಿನ ಮರೆಗೆ (ನಟ್ ಕೂರುವ ಸುರುಳಿ ಗೆರೆಗೆ), ಬ್ರಾಕೆಟ್ಟಿಗೆ ಹೋಗುತ್ತದೆ. ಡಾಟ್ಸನ್ 240 ಝಡ್ ಕಾರಿನಲ್ಲಿ ಇಂಥದ್ದೇ ಒಂದು ಸರಳು ಇದೆ. ಅದಕ್ಕೆ ಎರಡೂ ಬದಿ ಪಾಲಿ ಹಾಕಿ ಸರಳೇ ಮುರಿದ ಉದಾಹರಣೆಗಳು ಹಳೆ ಕಾರಿನವರಿಗೆಲ್ಲ ಗೊತ್ತು. ಅಲ್ಲಿ ಒಂದು ಬದಿ ರಬ್ಬರ್ ಉಳಿಸಿಕೊಳ್ಳುವ ರೂಢಿ ಬಂದಿದ್ದೇ ಹೀಗೆ. ಸಾಮಾನು ತರುವ, ಮನೆ ಮಂದಿ ಕೂರುವ ಗಾಡಿಗೆ ನಾನು ಆರೂ ಕಡೆ ಒಳ್ಳೆಯ ರಬ್ಬರನ್ನೇ ಹಾಕುತ್ತೇನೆ. ನಿಮಗೆ ಪಾಲಿಯ ಆಸೆ ಬಿಡಲಾಗದಿದ್ದರೆ ಪಿವೋಟ್‌ನಲ್ಲಿ ಹಾಕಿಕೊಳ್ಳಿ. ಅಲ್ಲಿ ಚಲನೆ ಮುಖ್ಯವಾಗಿ ಬೋಲ್ಟಿನ ಸುತ್ತ, ಬಾಗಿಲ ಕೀಲಿನ ಹಾಗೆ.

ಮನೆಯಲ್ಲಿ ಮಾಡಬಹುದಾ? ಜ್ಯಾಕ್ ಸ್ಟ್ಯಾಂಡ್, ಒಳ್ಳೆಯ ಫ್ಲೋರ್ ಜ್ಯಾಕ್, ಟಾರ್ಕ್ ರೆಂಚ್ (ಇಷ್ಟೇ ಬಲಕ್ಕೆ ಅಂತ ಅಳೆದು ಬಿಗಿಯುವ ಸ್ಪಾನರ್), ಸಹಾಯಕ್ಕೊಬ್ಬ ಮನುಷ್ಯ ಇದ್ದರೆ ಮಾಡಬಹುದು. ಸಾಮಾನಿಗಿಂತ ಕೂಲಿಯೇ ಜಾಸ್ತಿ ಆಗುವ ಕೆಲಸ ಇದು, ಹಾಗಾಗಿ ಉಳಿತಾಯ ಚೆನ್ನಾಗಿಯೇ ಇದೆ. ಒಂದು ವಾರಾಂತ್ಯ ಅಂತ ಅಂದುಕೊಳ್ಳಿ, ಸೋಮವಾರ ಆಫೀಸಿಗೆ ಹೋಗಲು ಬೇರೆ ಗಾಡಿ ಇಟ್ಟುಕೊಳ್ಳಿ. ನಿಮ್ಮ ಕಡೆ ರಸ್ತೆಗೆ ಉಪ್ಪು ಸುರಿಯುವುದಿಲ್ಲ, ಅದೊಂದು ಪುಣ್ಯ. ಹಿಮ ಬೀಳುವ ಊರಿನ ಗಾಡಿಯಾಗಿದ್ದರೆ ನಟ್ ಕತ್ತರಿಸಲೇ ಒಂದು ದಿನ ಹೋಗುತ್ತಿತ್ತು. ಆದರೂ ಎರಡು ದಿನ ಮೊದಲೇ ಮರೆಗಳನ್ನು ತಂತಿ ಬ್ರಶ್‌ನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿಡಿ. ರಬ್ಬರ್ ಹೇಗೂ ಹೋಗುವುದೇ.

ಅಪಾಯ ಇರುವುದು ಸ್ಪ್ರಿಂಗಿನಲ್ಲಿ. ಸ್ಟ್ಯಾಂಡುಗಳನ್ನು ಚಾಸಿಯ ಕೆಳಗೆ ಇಡಿ. ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ. ತೊಲೆಯ ಕೆಳಗೆ ಜ್ಯಾಕ್ ಕೊಟ್ಟ ಮೇಲೇ ಶಾಕ್ ಅಬ್ಸಾರ್ಬರ್ ಬಿಚ್ಚಿ. ಆಮೇಲೆ ಜ್ಯಾಕನ್ನು ಇಷ್ಟಿಷ್ಟೇ ಇಳಿಸಿ, ಸ್ಪ್ರಿಂಗ್ ಕೈಯಲ್ಲಿ ತಿರುಗುವಷ್ಟು ಸಡಿಲವಾಗುವವರೆಗೆ. ಅದಕ್ಕೂ ಮೊದಲು ಅದರ ಕ್ಲ್ಯಾಂಪಿಗೆ ಕೈ ಹಾಕಬೇಡಿ. ಇಳಿಸುವಾಗ ಕಣ್ಣು ಬ್ರೇಕ್ ಹೋಸ್ ಮೇಲಿರಲಿ, ಅದು ಬಿಗಿಯಾಗಿ ಎಳೆದುಕೊಳ್ಳಬಾರದು. ಒಂದು ಕಡೆ ಪೂರ್ತಿ ಮುಗಿಸಿಯೇ ಇನ್ನೊಂದು ಕಡೆ ಬಿಚ್ಚಿ. ವಾಷರ್‌ಗಳು ಯಾವುದು ಯಾವ ಮುಖ ಅಂತ ಮರೆತರೆ ನೋಡಿಕೊಳ್ಳಲು ಆ ಕಡೆ ಜೋಡಿಸಿಯೇ ಇರುತ್ತದೆ. ಫೋನಿನಲ್ಲಿ ಫೋಟೋ ತೆಗೆದಿಡಿ, ಅದು ಇನ್ನೂ ಒಳ್ಳೆಯದು.

ಇಲ್ಲಿ ಎಲ್ಲರೂ ಮಾಡುವ ಒಂದು ಕಳ್ಳಾಟ ಇದೆ, ಗ್ಯಾರೇಜುಗಳೂ ಮಾಡುತ್ತವೆ. ರೇಡಿಯಸ್ ಆರ್ಮ್‌ನ ಹಿಂದಿನ ವಡೆ ತೆಗೆಯುವುದು ಹತ್ತು ನಿಮಿಷದ ಕೆಲಸ. ನಟ್ ಬಿಚ್ಚಿದರೆ ಕೈಗೆ ಬರುತ್ತದೆ. ಮುಂದಿನದಕ್ಕೆ ತೋಳನ್ನೇ ಮುಂದಕ್ಕೆ ಎಳೆದು ಬ್ರಾಕೆಟ್ಟಿನಿಂದ ಹೊರತರಬೇಕು, ಅದಕ್ಕೆ ಸ್ಪ್ರಿಂಗ್ ಬಿಚ್ಚಬೇಕು, ಪಿವೋಟ್ ಬೋಲ್ಟ್ ಸಡಿಲ ಮಾಡಬೇಕು. ಬೇಸರಕ್ಕೆ ಹಿಂದಿನದು ಮಾತ್ರ ಹೊಸದು ಹಾಕಿ, ನಟ್ ಬಿಗಿದು ಕಳಿಸುತ್ತಾರೆ. ಹೊರಗಿಂದ ನೋಡಿದರೆ ಹೊಸ ರಬ್ಬರ್ ಮಿರಮಿರ ಹೊಳೆಯುತ್ತದೆ. ಆದರೆ ಬ್ರೇಕಿನ ಹೊಡೆತ ತಿನ್ನುವುದು ಮುಂದಿನದು! ನಿಮ್ಮದರಲ್ಲಿ ಹಿಂದಿನ ಬುಷ್ ಹೊಸದಾಗಿ ಕಂಡರೆ ಸಮಾಧಾನ ಪಡಬೇಡಿ. ಮುಂದಿನದನ್ನು ಬೆರಳು ತೂರಿಸಿ ಮುಟ್ಟಿ ನೋಡಿ. ಯಾರಾದರೂ ಅರ್ಧ ಗಂಟೆಯಲ್ಲಿ ಮಾಡಿಕೊಡುತ್ತೇನೆ ಅಂದರೆ ಅವರು ಏನು ಮಾಡುತ್ತಾರೆ ಅಂತ ಈಗ ನಿಮಗೆ ಗೊತ್ತು.

ಪಿವೋಟ್ ಬುಷ್ ತೊಲೆಯೊಳಗೆ ಬಿಗಿಯಾಗಿ ಕೂತಿರುತ್ತದೆ. ಪ್ರೆಸ್ ಇಲ್ಲದಿದ್ದರೆ ದಪ್ಪ ಮರೆಯ ಸರಳು, ಎರಡು ನಟ್, ಒಂದು ಸಣ್ಣ, ಒಂದು ದೊಡ್ಡ ಸಾಕೆಟ್ ಇಟ್ಟು ಎಳೆದು ತೆಗೆಯಬಹುದು. ಬಾರದಿದ್ದರೆ ಹೊರ ಕೊಳವೆಯನ್ನು ಹ್ಯಾಕ್ಸಾದಿಂದ ಒಳಗಿನಿಂದ ಸೀಳಿ, ತೊಲೆಗೆ ಗೀರು ಬೀಳದ ಹಾಗೆ. ಬೆಂಕಿ ಹಚ್ಚಿ ರಬ್ಬರ್ ಸುಡುವ ವೀಡಿಯೋಗಳಿವೆ. ಆ ಹೊಗೆ ಎದೆಗೆ ಕೆಟ್ಟದ್ದು, ತೊಲೆಗೆ ಕಾವು ಕೊಡುವುದೂ ಬೇಡ. ಹೊಸ ಬುಷ್ಷನ್ನು ರಾತ್ರಿ ಫ್ರೀಜರಿನಲ್ಲಿ ಇಟ್ಟಿದ್ದರೆ ಬೆಳಿಗ್ಗೆ ಸ್ವಲ್ಪ ಸುಲಭವಾಗಿ ಕೂರುತ್ತದೆ. ಮನೆಯವರಿಗೆ ಹೇಳಿ ಇಡಿ.

ಜೋಡಿಸುವಾಗ ಪಿವೋಟ್ ಬೋಲ್ಟನ್ನು ಗಾಳಿಯಲ್ಲಿ ಬಿಗಿಯಬೇಡಿ. ಇದು ನಾನೇ ಪೆಟ್ಟು ತಿಂದು ಕಲಿತದ್ದು. ರಬ್ಬರ್ ಎರಡೂ ಕೊಳವೆಗೆ ಅಂಟಿರುತ್ತದಲ್ಲ, ಅದು ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಜೋತಾಡುವಾಗ ಬಿಗಿದರೆ ಅದಕ್ಕೆ ಅದೇ ವಿಶ್ರಾಂತಿಯ ಜಾಗ. ಗಾಡಿ ನೆಲಕ್ಕಿಳಿದ ಕೂಡಲೇ ರಬ್ಬರ್ ದಿನವಿಡೀ ತಿರುಚಿಕೊಂಡೇ ನಿಂತಿರುತ್ತದೆ. ಇಲ್ಲಿ ಬಂದ ಹೊಸದರಲ್ಲಿ ಹಾಗೆ ಬಿಗಿದು ಕೊಟ್ಟ ಒಂದು ಗಾಡಿ ಎಂಟು ತಿಂಗಳಿಗೆ ಹರಿದ ಬುಷ್ ಸಮೇತ ವಾಪಸ್ ಬಂತು. ಎರಡನೇ ಸಲ ಕೂಲಿ ಕೇಳುವ ಮುಖ ನನಗಿರಲಿಲ್ಲ. ಬೋಲ್ಟನ್ನು ಕೈಬಿಗಿ ಮಾಡಿ, ಚಕ್ರ ಹಾಕಿ, ಗಾಡಿ ನೆಲಕ್ಕಿಳಿಸಿ. ಆಗ ಚಕ್ರಗಳು ಬುಡ ಒಳಗೆ ಮಡಿಚಿಕೊಂಡು ವಿಚಿತ್ರವಾಗಿ ನಿಂತಿರುತ್ತವೆ. ಗಾಬರಿ ಬೇಡ, ಎತ್ತಿ ಇಳಿಸಿದಾಗ ಈ ಗಾಡಿ ಹಾಗೇ ನಿಲ್ಲುತ್ತದೆ. ಜಾಗದಲ್ಲೇ ಕೆಲವು ಅಡಿ ಹಿಂದೆ ಮುಂದೆ ತಳ್ಳಿ, ಬಂಪರ್ ಮೇಲೆ ಒತ್ತಿ ಕುಣಿಸಿ, ಎತ್ತರ ಸರಿಯಾಗಿ ಕೂತ ಮೇಲೆ 1972ರ ಶಾಪ್ ಮ್ಯಾನ್ಯುಯಲ್ ಹೇಳಿದ ಟಾರ್ಕ್‌ಗೆ ಬಿಗಿಯಿರಿ. ರೇಡಿಯಸ್ ಆರ್ಮ್ ನಟ್‌ಗೂ ಅದೇ ಪುಸ್ತಕ. ವಡೆ ಚಪ್ಪಟೆಯಾಗಿ ಹೊರಗೆ ಉಬ್ಬುವವರೆಗೆ ಬಿಗಿಯುವುದು ಬೇಡ.

ಕೊನೆಗೆ ಅಲೈನ್‌ಮೆಂಟ್, ಈ ಸಲ ಸರಿಯಾದ ಜಾಗದಲ್ಲಿ. ಕಾರುಗಳ ಅಂಗಡಿಯವರು ನಿಮಗೆ ಟೋ (ಮೇಲಿನಿಂದ ನೋಡಿದರೆ ಚಕ್ರಗಳ ಮುಖ ಒಳಗೋ ಹೊರಗೋ ತಿರುಗಿರುವ ಅಳತೆ) ಮಾತ್ರ ತಿದ್ದಿ ಕೊಟ್ಟಿರುತ್ತಾರೆ, ಯಾಕೆಂದರೆ ಈ ಗಾಡಿಯಲ್ಲಿ ಕ್ಯಾಂಬರ್ (ಚಕ್ರದ ತಲೆ ಒಳಗೋ ಹೊರಗೋ ವಾಲಿರುವ ಕೋನ) ತಿದ್ದಲು ಸ್ಕ್ರೂ ಇಲ್ಲ. ಲಾರಿ ಆಕ್ಸಲ್ ಕೆಲಸ ಮಾಡುವ ಹಳೆಯ ಅಂಗಡಿ ಹುಡುಕಿ. ಅವರು ಹೈಡ್ರಾಲಿಕ್ ಉಪಕರಣದಿಂದ ತೊಲೆಯನ್ನೇ ತಣ್ಣಗಿದ್ದಾಗ ಒಂದಿಷ್ಟು ಬಗ್ಗಿಸಿ ಕೋನ ತರುತ್ತಾರೆ. ಕೇಳಿದರೆ ಎದೆ ಝಲ್ ಅನ್ನುತ್ತದೆ, ಆದರೆ ಈ ತೊಲೆಗಳಿಗೆ ಅದೇ ಪದ್ಧತಿ. ಗ್ಯಾಸ್ ಟಾರ್ಚ್ ಹಚ್ಚಿ ಕೆಂಪಗೆ ಕಾಯಿಸಿ ಬಗ್ಗಿಸುತ್ತೇನೆ ಅಂದರೆ ಮಾತ್ರ ಕೀಲಿ ಇಸಿದುಕೊಂಡು ಹೊರಡಿ. ಕಾಸಿದರೆ ಉಕ್ಕಿನ ಕಸುವು ಹೋಗುತ್ತದೆ. ಮೊದಲು ಬುಷ್, ಆಮೇಲೆ ಬಗ್ಗಿಸುವ ಮಾತು. ಸತ್ತ ಬುಷ್ ಇಟ್ಟುಕೊಂಡು ತೊಲೆ ಬಗ್ಗಿಸಿದರೆ ಹೊಸ ಬುಷ್ ಹಾಕಿದ ದಿನ ಎಲ್ಲವೂ ಉಲ್ಟಾ.

ಆ ಎಡ ಟೈರನ್ನು ಎಸೆಯಿರಿ. ಓರೆಯಾಗಿ ಸವೆದ ಟೈರ್ ಎಲ್ಲ ಸರಿಯಿದ್ದರೂ ಗಾಡಿಯನ್ನು ಪಕ್ಕಕ್ಕೆ ಎಳೆಯುತ್ತದೆ, ನಿಮ್ಮ ಕೆಲಸದ ಮೇಲೇ ನಿಮಗೆ ಅನುಮಾನ ಬರುತ್ತದೆ. ಮುಂದಿನ ಎರಡೂ ಹೊಸದು ಹಾಕಿ ಅಲೈನ್‌ಮೆಂಟಿಗೆ ಹೋಗಿ. ನೂರು ಮೈಲಿ ಓಡಿಸಿದ ಮೇಲೆ ಆ ನಟ್ ಬೋಲ್ಟ್‌ಗಳಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಇಡಿ. ಬ್ರೇಕ್ ಒತ್ತಿದರೆ ಇನ್ನೂ 'ಠಕ್' ಅಂತಿದ್ದರೆ ಬರೆಯಿರಿ, ಆಗ ರೇಡಿಯಸ್ ಆರ್ಮ್ ಬ್ರಾಕೆಟ್ಟಿನ ರಿವೆಟ್ ಸಡಿಲವಾಗಿದೆಯಾ ನೋಡೋಣ.